ಫೋರ್ಡ್ ಮಾಡೆಲ್ ಟಿ ಕಾರನ್ನು ಸ್ಟಾರ್ಟ್ ಮಾಡಿ ಓಡಿಸುವ ಕ್ರಮ

ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. ಇಂದಿನ ಕಾರುಗಳಲ್ಲಿ ಪಳಗಿದ ಚಾಲಕರೂ ಇದರ ಸೀಟಿನಲ್ಲಿ ಕುಳಿತರೆ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಇದರ ಮೂರು ಪೆಡಲುಗಳಲ್ಲಿ ಒಂದೂ ಆಕ್ಸಿಲರೇಟರ್ ಅಲ್ಲ. ಸ್ಟಿಯರಿಂಗಿನ ಬಲಗಡೆಯ ಸಣ್ಣ ಲಿವರ್ ಪೆಟ್ರೋಲನ್ನೂ ಎಡಗಡೆಯದು ಎಂಜಿನ್ನಿನಲ್ಲಿ ಪೆಟ್ರೋಲನ್ನು ಹೊತ್ತಿಸುವ ಕಿಡಿ ಹಾರುವ ಸಮಯವನ್ನೂ ನಿಯಂತ್ರಿಸುತ್ತವೆ.

ಹೊರಡುವ ಮುನ್ನ ಆಯಿಲ್ ನೋಡಿಕೊಳ್ಳಬೇಕು. ಎಂಜಿನ್ನಿನ ಹಿಂಬದಿಯ ತಳದಲ್ಲಿರುವ ಎರಡು ನಲ್ಲಿಗಳಲ್ಲಿ ಕೆಳಗಿನದನ್ನು ತಿರುಗಿಸಿದಾಗ ಆಯಿಲ್ ಬರಬೇಕು, ಮೇಲಿನದರಲ್ಲಿ ಬರಬಾರದು. ಪೆಟ್ರೋಲನ್ನು ಅಳೆಯಲು ಮುಂದಿನ ಸೀಟಿನ ಮೆತ್ತೆಯನ್ನು ಎತ್ತಿ, ಅದರಡಿಯ ಟ್ಯಾಂಕಿನಲ್ಲಿ ಕಡ್ಡಿ ಇಳಿಬಿಟ್ಟರಾಯಿತು.

ಕಾರಿನ ಮುಂದೆ ನಿಂತು, ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಹೊಡೆಯುವ ಕೆಲಸದಲ್ಲಿ ಮಾತ್ರ ಅವಸರ ಸಲ್ಲದು. ಕೈಬ್ರೇಕಿನ ಲಿವರನ್ನು ಪೂರ್ತಿ ಹಿಂದಕ್ಕೆ ಎಳೆದರೆ ಹಿಂದಿನ ಚಕ್ರಗಳು ಬಿಗಿಯುವುದಷ್ಟೇ ಅಲ್ಲದೆ ಗಾಡಿ ನ್ಯೂಟ್ರಲ್ಲಿಗೂ ಬರುತ್ತದೆ. ಇದನ್ನು ಮರೆತವರ ಮೇಲೆಯೇ ಕಾರು ಏರಿ ಬರುವ ಅಪಾಯವಿದೆ. ಅನಂತರ ಕಿಡಿ ತಡವಾಗಿ ಹಾರುವಂತೆ ಅದರ ಲಿವರನ್ನು ತುದಿಯವರೆಗೆ ಮೇಲಕ್ಕೆ ಸರಿಸಿ, ಪೆಟ್ರೋಲಿನ ಲಿವರನ್ನು ಕೊಂಚ ಕೆಳಗಿಳಿಸಬೇಕು. ಕೀಲಿ ಆಫ್ ಇರುವಾಗಲೇ ರೇಡಿಯೇಟರಿನ ಬಳಿಯ ಚೋಕ್ ತಂತಿಯನ್ನು (ಇದು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ) ಎಳೆದು ಹಿಡಿದು, ಹ್ಯಾಂಡಲನ್ನು ಎರಡು ಮೂರು ಬಾರಿ ಮೇಲಕ್ಕೆ ಎಳೆದರೆ ಸಿಲಿಂಡರುಗಳಿಗೆ ಪೆಟ್ರೋಲ್ ಸೇರುತ್ತದೆ. ಈಗ ಕೀಲಿಯನ್ನು ಬ್ಯಾಟರಿಯ ಕಡೆಗೆ ತಿರುಗಿಸಿ, ಎಡಗೈಯಿಂದ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇರಿಸಿಕೊಂಡು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಜಗ್ಗಬೇಕು. ಎಂದಿಗೂ ಮೇಲಿನಿಂದ ಕೆಳಕ್ಕೆ ಒತ್ತಬಾರದು. ಪಿಸ್ಟನ್ ಮೇಲೇರಿ ಮುಗಿಯುವ ಮೊದಲೇ ಕಿಡಿ ಹಾರಿದರೆ ಹ್ಯಾಂಡಲ್ ಹಿಮ್ಮುಖವಾಗಿ ಒದೆಯುತ್ತದೆ, ಆ ಒದೆತಕ್ಕೆ ಅಂದು ಮಣಿಕಟ್ಟು ಮುರಿದುಕೊಂಡವರು ಅನೇಕರು. 1919ರಿಂದ ಎಲೆಕ್ಟ್ರಿಕ್ ಸ್ಟಾರ್ಟರ್ ದೊರೆಯತೊಡಗಿದ್ದು ಎಷ್ಟೋ ಮಂದಿಗೆ ದೊಡ್ಡ ಉಪಕಾರವೇ ಆಗಿರಬೇಕು. ಎಂಜಿನ್ ಹಿಡಿದೊಡನೆ ಕಿಡಿಯ ಲಿವರನ್ನು ಕೆಳಗಿಳಿಸಿ, ಕೀಲಿಯನ್ನು ಮ್ಯಾಗ್ನೆಟೋ, ಅಂದರೆ ಎಂಜಿನ್ನಿನಿಂದಲೇ ತಿರುಗುವ ವಿದ್ಯುತ್ ಉತ್ಪಾದಕದ ಕಡೆಗೆ ಹೊರಳಿಸಬೇಕು. ಫ್ಲೈವೀಲಿಗೆ (ಎಂಜಿನ್ನಿನೊಡನೆ ತಿರುಗುವ ಭಾರವಾದ ಚಕ್ರ) ಜೋಡಿಸಿದ 16 ಅಯಸ್ಕಾಂತಗಳೇ ಮುಂದೆ ಕಿಡಿಗೆ ಬೇಕಾದ ವಿದ್ಯುತ್ತನ್ನು ಒದಗಿಸುತ್ತವೆ.

ಹೊರಡಲು ಎಡ ಪೆಡಲನ್ನು ಅರ್ಧ ಒತ್ತಿಹಿಡಿದು ಕೈಬ್ರೇಕಿನ ಲಿವರನ್ನು ಮುಂದಕ್ಕೆ ತಳ್ಳಿ, ಪೆಟ್ರೋಲ್ ಹೆಚ್ಚಿಸುತ್ತಾ ಪೆಡಲನ್ನು ತಳದವರೆಗೆ ಅದುಮಬೇಕು. ಇದು ಮೊದಲ ಗೇರು. ವೇಗ ಕೂಡಿದ ಮೇಲೆ ಪೆಟ್ರೋಲನ್ನು ತಗ್ಗಿಸಿ ಕಾಲನ್ನು ಪೂರ್ತಿ ತೆಗೆದರೆ ಎರಡನೆಯ ಗೇರು ಹಿಡಿಯುತ್ತದೆ. ಮುಂದೆ ಹೋಗಲು ಇರುವುದು ಇವೆರಡೇ. ಇಂದಿನ ಕ್ಲಚ್ಚಿನ ಅಭ್ಯಾಸದಲ್ಲಿ ಗಾಬರಿಯಿಂದ ಎಡಗಾಲನ್ನು ಅದುಮಿದರೆ ಕಾರು ಬಿಡುಗಡೆಯಾಗುವುದಿಲ್ಲ, ಮೊದಲ ಗೇರಿಗೆ ಬೀಳುತ್ತದೆ. ಆದ್ದರಿಂದ ಬಯಲಿನಲ್ಲಿ ಸಾಕಷ್ಟು ರೂಢಿಯಾಗುವವರೆಗೆ ರಸ್ತೆಗೆ ಇಳಿಯದಿರುವುದೇ ಲೇಸು.

ಬಲ ಪೆಡಲಿನ ಬ್ರೇಕು ಚಕ್ರಗಳನ್ನು ಹಿಡಿಯದೆ ಗೇರುಪೆಟ್ಟಿಗೆಯೊಳಗಿನ ಡ್ರಮ್ಮನ್ನು ಹಿಡಿಯುವುದರಿಂದ, ದೂರದಿಂದಲೇ ನಿಧಾನಿಸುವುದು ಅಗತ್ಯ. ನಡುವಿನ ಪೆಡಲು ರಿವರ್ಸಿನದು. ಪೆಟ್ರೋಲ್ ಪಂಪಿಲ್ಲದ ಈ ಕಾರಿನಲ್ಲಿ ಟ್ಯಾಂಕಿನಿಂದ ಇಂಧನ ತಾನಾಗಿಯೇ ಎಂಜಿನ್ನಿಗೆ ಹರಿದು ಬರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಹರಿವು ನಿಲ್ಲುತ್ತದೆ. ಅಂಥ ಏರಿನ ಬುಡದಲ್ಲಿ ಕಾರನ್ನು ತಿರುಗಿಸಿಕೊಂಡು ರಿವರ್ಸಿನಲ್ಲೇ ಹತ್ತಿಸಬೇಕು, ಆಗ ಟ್ಯಾಂಕು ಎಂಜಿನ್ನಿಗಿಂತ ಮೇಲಿರುತ್ತದೆ.