ಮನೆಗೆ ಎರಡನೇ ಬೆಕ್ಕು ಬಂದಾಗ: ಮೊದಲು ಮೂಗು, ಆಮೇಲೆ ಕಣ್ಣು

ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ. ಅದಕ್ಕೊಂದು ಜೊತೆ ಇರಲಿ ಅಂತ ಇನ್ನೊಂದನ್ನು ತರುತ್ತೀರಿ. ಬುಟ್ಟಿಯನ್ನು ಹಾಲ್‌ನಲ್ಲಿಟ್ಟು ಮುಚ್ಚಳ ತೆಗೆದು, ಇನ್ನೇನು ಎರಡೂ ಮೂತಿಗೆ ಮೂತಿ ತಾಗಿಸುತ್ತವೆ ಅಂತ ಕಾಯುತ್ತೀರಿ. ನಾನೂ ಹಾಗೇ ಮಾಡಿದ್ದೆ. ಹಳೆಯ ಬೆಕ್ಕು ಒಮ್ಮೆ ಬುಸ್ ಎಂದು ಬೀರುವಿನ ಮೇಲೆ ಹತ್ತಿ ಕೂತಿತು, ಅವತ್ತು ರಾತ್ರಿ ಊಟ ಮುಟ್ಟಲಿಲ್ಲ, ಆರು ವರ್ಷ ನನ್ನ ಕಾಲ ಬಳಿಯೇ ಮಲಗಿದ್ದ ಜೀವ ಎರಡು ವಾರ ನನ್ನ ಕೋಣೆಗೆ ಕಾಲಿಡಲಿಲ್ಲ. ಅದು ಈಗಲೂ ನೆನಪಾದರೆ ಬೇಜಾರಾಗುತ್ತದೆ.

ನಮ್ಮ ಸಾಕುಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ತಿರುಗುವ, ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ನಾಯಿಗಳು ಕಚ್ಚಾಡಿದ ಮೇಲೆ ಎಷ್ಟೋ ಸಲ ಮತ್ತೆ ಒಂದಾಗುತ್ತವೆ. ಬೆಕ್ಕುಗಳಿಗೆ ಆ ಗುಣ ಕಡಿಮೆ. ಮೊದಲ ಭೇಟಿಯೇ ಕೆಟ್ಟರೆ ಸರಿಮಾಡಲು ತಿಂಗಳುಗಳೇ ಬೇಕಾಗಬಹುದು. ಹಾಗಾಗಿ ಅವಸರ ಬೇಡ.

ತರುವ ಮೊದಲೇ ಹೊಸ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿ. ಲಸಿಕೆ, ಜಂತುಹುಳು, ಚಿಗಟ, ಬೆಕ್ಕಿನಿಂದ ಬೆಕ್ಕಿಗೆ ಹರಡುವ ಲ್ಯುಕೇಮಿಯಾ ವೈರಸ್ಸಿನ ಪರೀಕ್ಷೆ, ಎಲ್ಲ ಒಂದೇ ಸಲ ಮುಗಿಯಲಿ. ನಾಯಿಗೆ ಹಾಕುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಯಾವತ್ತೂ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.

ಮೊದಲ ಹೆಜ್ಜೆ: ಬಾಗಿಲು ಹಾಕಿದ ಒಂದು ಕೋಣೆ

ಹೊಸಬನಿಗೆ ಒಂದು ಕೋಣೆ ಬಿಟ್ಟುಕೊಡಿ. ಊಟ, ನೀರು, ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡುವ ಮರಳಿನ ಡಬ್ಬ), ಪರಚಲು ಏನಾದರೊಂದು, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇದ್ದರೆ ಸಾಕು. ಊಟದ ತಟ್ಟೆ ಲಿಟರ್ ಬಾಕ್ಸ್‌ನಿಂದ ದೂರ ಇರಲಿ. ಪೆಟ್ಟಿಗೆಯೊಳಗೆ ಕೂತಿದ್ದರೆ ಎಳೆದು ಮುದ್ದು ಮಾಡಲು ಹೋಗಬೇಡಿ, ಸುಮ್ನೆ ಪಕ್ಕದಲ್ಲಿ ಕೂತು ಪುಸ್ತಕ ಓದಿ. ಇತ್ತ ಹಳೆಯ ಬೆಕ್ಕಿನ ದಿನಚರಿ ಒಂಚೂರೂ ಬದಲಾಗಬಾರದು. ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ಆಟ.

ಎರಡನೇ ಹೆಜ್ಜೆ: ವಾಸನೆಯ ಪರಿಚಯ

ಇಲ್ಲಿ ಧಾರಾಳವಾಗಿ ದಿನ ಕೊಡಿ. ಬೆಕ್ಕಿನ ಕೆನ್ನೆ, ಗಲ್ಲ, ಹಣೆಯಲ್ಲಿ ವಾಸನೆಯ ಗ್ರಂಥಿಗಳಿವೆ. ನಿಮ್ಮ ಕಾಲಿಗೆ, ಬಾಗಿಲಿಗೆ, ಕುರ್ಚಿಗೆ ಮುಖ ಉಜ್ಜುವಾಗ ಅದು ಇವೆಲ್ಲ ನನಗೆ ಗೊತ್ತಿರುವ ವಸ್ತುಗಳು ಅಂತ ಗುರುತು ಹಾಕುತ್ತಿರುತ್ತದೆ. ಒಂದು ಮೆತ್ತನೆಯ ಬಟ್ಟೆಯನ್ನು ಹೊಸ ಬೆಕ್ಕಿನ ಕೆನ್ನೆಗೆ ಸವರಿ, ಹಳೆಯದು ಓಡಾಡುವ ಜಾಗದಲ್ಲಿ ಇಡಿ. ಹಳೆಯದರ ವಾಸನೆಯ ಬಟ್ಟೆ ಹೊಸದರ ಕೋಣೆಗೆ ಹೋಗಲಿ. ಮೂಸಿ, ಬಾಯಿ ಅರ್ಧ ತೆರೆದು ವಿಚಿತ್ರವಾಗಿ ನಿಂತರೆ ಗಾಬರಿಯಾಗಬೇಡಿ. ಬಾಯಿಯ ಮೇಲ್ಭಾಗದಲ್ಲಿ ವಾಸನೆ ಗ್ರಹಿಸುವ ಇನ್ನೊಂದು ಅಂಗವಿದೆ, ಅಲ್ಲಿಗೆ ಆ ವಾಸನೆಯನ್ನು ಎಳೆದುಕೊಳ್ಳುತ್ತಿದೆ ಅಷ್ಟೇ. ಬಟ್ಟೆ ನೋಡಿ ಬುಸ್ ಅಂದರೆ ಅದನ್ನು ಸ್ವಲ್ಪ ದೂರ ಸರಿಸಿ, ನಾಳೆ ಮತ್ತೆ ಇಡಿ. ಮೂಸಿ ಏನೂ ಆಗದ ಹಾಗೆ ಮುಂದೆ ಹೋಯಿತೇ? ಅದೇ ನಮಗೆ ಬೇಕಾದದ್ದು. ಆಮೇಲೆ ಎರಡೂ ಒಂದನ್ನೊಂದು ನೋಡದ ಹಾಗೆ, ದಿನಕ್ಕೆ ಸ್ವಲ್ಪ ಹೊತ್ತು ಜಾಗ ಅದಲುಬದಲು ಮಾಡಿ.

ಮೂರನೇ ಹೆಜ್ಜೆ: ಬಾಗಿಲಿನ ಎರಡು ಕಡೆ ಊಟ

ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು. ಮೊದಲು ದೂರದಲ್ಲಿಟ್ಟು, ನೆಮ್ಮದಿಯಾಗಿ ತಿನ್ನುತ್ತಿದ್ದರೆ ದಿನಕ್ಕಿಷ್ಟು ಹತ್ತಿರ ತನ್ನಿ. ತಿನ್ನುವುದು ನಿಲ್ಲಿಸಿ ಬಾಗಿಲನ್ನೇ ದಿಟ್ಟಿಸಿದರೆ ನೀವು ಜಾಸ್ತಿ ಮುಂದೆ ಹೋಗಿದ್ದೀರಿ ಅಂತ ಅರ್ಥ.

ನಾಲ್ಕನೇ ಹೆಜ್ಜೆ: ಕಣ್ಣಿಗೆ ಬೀಳಲಿ

ಜಾಲರಿ ಬಾಗಿಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಾಗಿಲನ್ನು ಎರಡು ಬೆರಳಷ್ಟು ಮಾತ್ರ ತೆರೆದು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲವೇ ನಿಮಿಷ ಸಾಕು. ಒಮ್ಮೆ ಬುಸ್ ಅಂದು ಮುಖ ತಿರುಗಿಸಿದರೆ ಚಿಂತೆಯಿಲ್ಲ, ಅದು 'ದೂರ ಇರು' ಅನ್ನುವ ಮಾತು. ಹೆದರಬೇಕಾದದ್ದು ಸದ್ದಿಲ್ಲದ ನೋಟಕ್ಕೆ. ರೆಪ್ಪೆ ಬಡಿಯದ ದೃಷ್ಟಿ, ಹಿಂದಕ್ಕೆ ಮಡಚಿದ ಕಿವಿ, ಬಿಗಿದ ಮೈ, ಬಡಿದಾಡುವ ಬಾಲ ಕಂಡರೆ ಮೆಲ್ಲಗೆ ಬಾಗಿಲು ಹಾಕಿ. ಕಣ್ಣು ನಿಧಾನ ಮುಚ್ಚಿ ತೆರೆದರೆ, ಬಾಲ ನೆಟ್ಟಗೆ ನಿಂತು ತುದಿ ಕೊಂಚ ಬಾಗಿದ್ದರೆ ಖುಷಿಪಡಿ.

ಐದನೇ ಹೆಜ್ಜೆ: ಒಂದೇ ಕೋಣೆಯಲ್ಲಿ

ಹಗ್ಗಕ್ಕೆ ಗರಿ ಕಟ್ಟಿದ ಆಟಿಕೆ ಹಿಡಿದು ಇಬ್ಬರನ್ನೂ ಬೇರೆ ಬೇರೆ ಮೂಲೆಯಲ್ಲಿ ಆಡಿಸಿ, ಆಟ ಚೆನ್ನಾಗಿರುವಾಗಲೇ ಮುಗಿಸಿ. ತೋಳಲ್ಲಿ ಎತ್ತಿಕೊಂಡು ಪರಿಚಯ ಮಾಡಿಸುವುದು ಬೇಡ, ಹೆದರಿದ ಬೆಕ್ಕು ನಿಮ್ಮನ್ನೇ ಪರಚುತ್ತದೆ. ಜಗಳ ಹತ್ತಿದರೆ ಕೈ ಹಾಕಬೇಡಿ. ನಡುವೆ ಒಂದು ದೊಡ್ಡ ರಟ್ಟು ತೂರಿಸಿ, ಬೇರೆ ಮಾಡಿ, ಹಿಂದಿನ ಹೆಜ್ಜೆಗೆ ಮರಳಿ. ಅಕಸ್ಮಾತ್ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರ ಹತ್ತಿರ ಹೋಗಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕಿಳಿಯುತ್ತದೆ, ಮೇಲೆ ಸಣ್ಣದಾಗಿ ಕಂಡರೂ ಒಳಗೆ ಕೀವು ತುಂಬಬಹುದು.

ಮರಿ ತಂದಿದ್ದರೆ ಕೆಲಸ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟೋ ಸಲ ಅದು ನಿಜ ಕೂಡ. ಆದರೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ, ಅಲ್ವಾ? ಮರಿ ದಿನವಿಡೀ ಬಾಲ ಹಿಡಿದು ಎಳೆಯುತ್ತಿದ್ದರೆ ವಯಸ್ಸಾದ ಬೆಕ್ಕಿನ ಪಾಡು ಆ ಇಲಿಯದೇ. ಮರಿಯನ್ನು ನೀವೇ ಆಡಿಸಿ ದಣಿಸಿ.

ಇನ್ನು ಜಾಗದ ವಿಷಯ. ಲಿಟರ್ ಬಾಕ್ಸ್ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು. ಎರಡು ಬೆಕ್ಕಿಗೆ ಮೂರು. ಮೂರನ್ನೂ ಒಂದೇ ಸಾಲಿನಲ್ಲಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಜಾಗ. ಒಂದು ಬೆಕ್ಕು ದಾರಿಗೆ ಅಡ್ಡ ಸುಮ್ನೆ ಮಲಗಿದರೂ ಸಾಕು, ಇನ್ನೊಂದು ಉಚ್ಚೆ ತಡೆದುಕೊಂಡು ಮಂಚದ ಕೆಳಗೆ ಕೂತಿರುತ್ತದೆ. ನೋಡುವವರಿಗೆ ಮನೆ ಶಾಂತವಾಗಿಯೇ ಕಾಣುತ್ತದೆ. ನೀರು, ಊಟ, ಎತ್ತರದ ಕೂರುವ ಜಾಗ, ಎಲ್ಲವೂ ಹೀಗೇ ಬೇರೆ ಬೇರೆ ಕಡೆ ಇರಲಿ.

ಈ ದಿನಗಳಲ್ಲಿ ಎರಡು ವಿಷಯ ಮಾತ್ರ ಕಾಯುವಂತಿಲ್ಲ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕುಗಳಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ. ಇನ್ನೊಂದು, ಗಂಡು ಬೆಕ್ಕು ಲಿಟರ್ ಬಾಕ್ಸ್‌ನಲ್ಲಿ ಮತ್ತೆ ಮತ್ತೆ ತಿಣುಕುತ್ತಾ ಕೂತು ಉಚ್ಚೆ ಬರದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅನ್ನಬೇಡಿ.

ಇಷ್ಟೆಲ್ಲ ಎಷ್ಟು ದಿನ ಹಿಡಿಯುತ್ತದೆ? ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಆರು ತಿಂಗಳು. ನಮ್ಮವೆರಡನ್ನು ಮತ್ತೆ ಬೇರೆ ಮಾಡಿ ಬಟ್ಟೆಯಿಂದ ಶುರುಮಾಡಿದ ಮೇಲೆ ಹನ್ನೊಂದು ವಾರ ಬೇಕಾಯಿತು. ಇವತ್ತಿಗೂ ಅವು ತಬ್ಬಿಕೊಂಡು ಮಲಗುವುದಿಲ್ಲ. ಒಂದೇ ಕಿಟಕಿಯ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು ಕೂತು ಹಕ್ಕಿ ನೋಡುತ್ತವೆ. ಹಳೆಯದು ರಾತ್ರಿ ನನ್ನ ಕಾಲ ಬಳಿಗೆ ವಾಪಸ್ ಬಂದಿದೆ.