ರಾಯಚೂರು ಬಿಸಿಲು, ಎಸಿ ಇಲ್ಲದ ಕೋಣೆ, ಹೊಸ ಗೇಮಿಂಗ್ ಲ್ಯಾಪ್‌ಟಾಪ್: ನನ್ನ ಐದು ತಿಂಗಳ ಅನುಭವ

ಮೇ ತಿಂಗಳು ದಾಟಿತು. ಲ್ಯಾಪ್‌ಟಾಪ್ ಗಟ್ಟಿಯಾಗಿದೆ. ದಿನಾ ರಾತ್ರಿ ಎರಡು ಮೂರು ತಾಸು ಆಡುತ್ತಿದ್ದೇನೆ. ಇದನ್ನು ಹೇಳಲೇಬೇಕು ಅನಿಸಿತು, ಯಾಕಂದ್ರೆ ಜನವರಿಯಲ್ಲಿ ನಾನು ಇದನ್ನು ತಗೊಳ್ಳುವಾಗ "ಬೇಡ" ಅನ್ನದವರು ಒಬ್ಬರೂ ಇರಲಿಲ್ಲ.

ಬೆಂಗಳೂರಿನ ಗೆಳೆಯ ಫೋನಿನಲ್ಲೇ ನಕ್ಕುಬಿಟ್ಟ. "ನಿಮ್ಮೂರಲ್ಲಿ ಎಸಿ ಇಲ್ದೆ ಗೇಮಿಂಗ್ ಲ್ಯಾಪ್‌ಟಾಪಾ? ಏಪ್ರಿಲ್ ತಡೆಯಲ್ಲ ನೋಡು" ಅಂದ. ಇಲ್ಲಿ ರಿಪೇರಿ ಅಂಗಡಿಯವರು ಡೆಸ್ಕ್‌ಟಾಪ್ ಮಾಡಿಸಿಕೋ ಅಂದರು. ಮಾವನವರು ಆ ದುಡ್ಡಿಗೆ ಎರಡು ತೊಲ ಅಲ್ಲದಿದ್ದರೂ ಒಂದು ಚೂರು ಬಂಗಾರವಾದರೂ ಬರುತ್ತಿತ್ತು ಅಂದರು. ಡೆಸ್ಕ್‌ಟಾಪ್ ನನಗೆ ಆಗುವುದಿಲ್ಲ. ಹಗಲು ರಾಜೇಂದ್ರ ಗಂಜ್‌ನಲ್ಲಿ ಲೆಕ್ಕದ ಕೆಲಸ, ಟ್ಯಾಲಿಯನ್ನೂ ಇದೇ ಲ್ಯಾಪ್‌ಟಾಪಿನಲ್ಲಿ ಮಾಡಬೇಕು. ಶನಿವಾರ ಸಂಜೆ ಸಿಂಧನೂರಿಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸ್. ಹೊತ್ತುಕೊಂಡು ಹೋಗುವಂಥದ್ದೇ ಬೇಕಿತ್ತು.

ಮಾಲು ಇದು: ಐ5 12450ಎಚ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಚಿಪ್ಪು (ಜಿಪಿಯು), 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 144 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಸೇಲ್‌ನಲ್ಲಿ 68 ಸಾವಿರದ ಆಸುಪಾಸು ಬಿತ್ತು. ಕಾರ್ಡಿನ ಮೇಲೆ ನಾಲ್ಕು ಸಾವಿರ ಕಡಿಮೆಯಾಯಿತು. ಉಳಿದದ್ದು ಒಂಬತ್ತು ತಿಂಗಳ ಕಂತು. ಯಾವ ಕಂಪನಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಈ ದರದಲ್ಲಿ ಸಿಗುವ ಎಲ್ಲ ಗೇಮಿಂಗ್ ಲ್ಯಾಪ್‌ಟಾಪಿನ ಕಥೆಯೂ ಹೆಚ್ಚು ಕಡಿಮೆ ಒಂದೇ.

ಮೊದಲ ತಿಂಗಳು ಹಬ್ಬ. ಜನವರಿ ರಾತ್ರಿ ಕೋಣೆ 24, 25 ಡಿಗ್ರಿ ಇರುತ್ತಿತ್ತು. ಪರದೆ ನೋಡಿಯೇ ಖುಷಿ. 60 ಹರ್ಟ್ಸ್‌ನಿಂದ 144ಕ್ಕೆ ಬಂದವರಿಗೆ ಗೊತ್ತು, ಸುಮ್ನೆ ಮೌಸ್ ಆಡಿಸುತ್ತಾ ಕೂತಿದ್ದೆ. ಒಂದೇ ಕೊರತೆ ಕಂಡಿದ್ದು ರ್‍ಯಾಮ್. 8 ಜಿಬಿಯ ಒಂದೇ ಸ್ಟಿಕ್ ಹಾಕಿ ಕಳಿಸಿದ್ದರು. ಇನ್ನೊಂದು 8 ತರಿಸಿ ಹಾಕಿದೆ, 1,900 ರೂಪಾಯಿ ಏನೋ. ಡ್ಯುಯಲ್ ಚಾನೆಲ್ ಆದ ತಕ್ಷಣ, ಅಂದರೆ ಎರಡು ಸ್ಟಿಕ್ ಒಟ್ಟಿಗೆ ಓಡತೊಡಗಿದ ತಕ್ಷಣ, ಕೌಂಟರ್ ಸ್ಟ್ರೈಕ್ ಆಟದಲ್ಲಿ ಒಂದು 20 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಏರಿತು. ಅದಕ್ಕಿಂತ ಹೆಚ್ಚಾಗಿ, ಮಧ್ಯೆ ಮಧ್ಯೆ ಜಗ್ಗುತ್ತಿದ್ದದ್ದು ನಿಂತಿತು. ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದ ದುಡ್ಡು ಅದು.

ರ್‍ಯಾಮ್ ಹಾಕಲು ಫೆಬ್ರವರಿ ಕೊನೆಯಲ್ಲಿ ಕೆಳಗಿನ ಕವರ್ ಬಿಚ್ಚಿದೆನಲ್ಲ, ಆಗ ಎದೆ ಧಸಕ್ಕೆಂದಿತು. ನಮ್ಮ ಮನೆ ಇರುವುದು ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ. ಸೀಸನ್ನಿನಲ್ಲಿ ಹತ್ತಿ ಎಳೆ ಗಾಳಿಯಲ್ಲೇ ಇರುತ್ತದೆ. ಬೇವಿನ ಗಿಡದ ಮೇಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ, ಎಲ್ಲ ಕಡೆ. ಒಂದೂವರೆ ತಿಂಗಳಿಗೇ ಚಿಪ್ಪಿನ ಶಾಖ ಹೊರಹಾಕುವ ಹೀಟ್‌ಸಿಂಕಿನ ಫಿನ್‌ಗಳ ಒಳಮೈ ಮೇಲೆ ಹಾಸಿಗೆಯ ಹತ್ತಿಯಂತೆ ಒಂದು ಪದರ ಕೂತಿತ್ತು. ಮಣ್ಣಿನ ಧೂಳು ಊದಿದರೆ ಹೋಗುತ್ತದೆ. ಹತ್ತಿ ಹೋಗುವುದಿಲ್ಲ, ಇನ್ನೂ ಒಳಗೆ ಸಿಕ್ಕಿಕೊಳ್ಳುತ್ತದೆ. ಚಿಮಟದಲ್ಲಿ ಎಳೆ ಎಳೆಯಾಗಿ ತೆಗೆದೆ. ಒಂದು ತಾಸು ಹಿಡಿಯಿತು.

ಅದರ ಮೇಲೆ ಕೆಳಗಿನ ಕಿಂಡಿಗೆ ಜಾಲರಿ ಹಾಕುವ ಪ್ರಯೋಗ ಶುರುವಾಯಿತು. ಮೊದಲು ಹಳೇ ಪಂಚೆಯ ತುಂಡು ಹಾಕಿದೆ. ಉಸಿರುಕಟ್ಟಿತು, 8 ಡಿಗ್ರಿ ಜಾಸ್ತಿ. ಆಮೇಲೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ. ಶಾಖ ಒಂದೇ ಡಿಗ್ರಿ ಏರಿತು, ಆದರೆ ಸಣ್ಣ ಎಳೆ ಒಳಗೆ ಹೋಗುತ್ತಿತ್ತು. ಮೂರನೆಯದು ಒಂದು ಬಟ್ಟೆ ಸಿಕ್ಕಿದೆ, ಅದು ಎರಡೂ ಕೆಲಸ ಮಾಡುತ್ತದೆ. ಯಾವುದು ಅಂತ ಈಗ ಹೇಳುವುದಿಲ್ಲ. ಒಂದು ಪೂರ್ತಿ ಸೀಸನ್ ತಡೆದ ಮೇಲೆ ಹೇಳುತ್ತೇನೆ.

ನಿಜವಾದ ಪರೀಕ್ಷೆ ಮಾರ್ಚ್ ಮೂರನೇ ವಾರಕ್ಕೆ ಶುರುವಾಯಿತು. ಏಪ್ರಿಲ್ ಮೊದಲ ವಾರಕ್ಕೆ ಹೊರಗೆ 41, 42. ನಮ್ಮದು ಮೇಲ್ಮಹಡಿ, ಮೇಲೆ ಬರೀ ಸ್ಲ್ಯಾಬ್. ರಾತ್ರಿ ಹತ್ತಕ್ಕೂ ಕೋಣೆ 38 ಇಳಿಯುತ್ತಿರಲಿಲ್ಲ. ಆಟ ಶುರು ಮಾಡಿ ಹದಿನೈದು ನಿಮಿಷಕ್ಕೆ ಸಿಪಿಯು 97, 98 ಮುಟ್ಟುತ್ತಿತ್ತು, ಜಿಪಿಯು 86. 90 ಎಫ್‌ಪಿಎಸ್‌ನಲ್ಲಿ ಓಡುತ್ತಿದ್ದ ಫೋರ್ಜಾ ಹೊರೈಜನ್ 5 ಆಟ ಧಡಕ್ಕನೆ 45ಕ್ಕೆ ಬೀಳುತ್ತಿತ್ತು. ಡಬ್ಲ್ಯೂ ಎ ಎಸ್ ಡಿ ಕೀಗಳ ಮೇಲೆ ಬೆರಳು ಇಡಲು ಆಗುತ್ತಿರಲಿಲ್ಲ. ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಿಂದ ಅವ್ವ "ಮಿಕ್ಸಿ ಹಚ್ಚಿಯಾ?" ಅಂತ ಕೇಳಿದಳು.

ರಿವ್ಯೂ ನೋಡಿ ತಗೊಂಡವರು ಇಲ್ಲೇ ಮೋಸ ಹೋಗುವುದು. ಆ ರಿವ್ಯೂ ಎಲ್ಲ 25 ಡಿಗ್ರಿ ಎಸಿ ಕೋಣೆಯಲ್ಲಿ ಮಾಡಿದ್ದು. ಅಲ್ಲಿ 82 ತೋರಿಸಿದರೆ ನಮ್ಮಲ್ಲಿ ಅದಕ್ಕೆ 13 ಸೇರಿಸಿಕೊಳ್ಳಬೇಕು. ಕೋಣೆ ಎಷ್ಟು ಏರುತ್ತದೋ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಸೇರಿಸಲು ಜಾಗ ಇಲ್ಲದಿದ್ದಾಗ ಥ್ರಾಟಲ್, ಅಂದರೆ ಚಿಪ್ಪು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಎಲ್ಲರ ಉತ್ತರ ಒಂದೇ, ಎಸಿ ಹಾಕಿಸು. ನಾನು ಲೆಕ್ಕದವನು, ಲೆಕ್ಕ ಹಾಕಿದೆ. ಒಂದೂವರೆ ಟನ್ನಿನದ್ದು, ಫಿಟ್ಟಿಂಗ್ ಸೇರಿ 40 ಸಾವಿರ. ದಿನಕ್ಕೆ ನಾಲ್ಕೈದು ತಾಸು ಓಡಿದರೆ ಈ ಬಿಸಿಲಲ್ಲಿ ತಿಂಗಳಿಗೆ 150 ಯೂನಿಟ್ ಕಮ್ಮಿ ಇಲ್ಲ. ನಮ್ಮ ಮನೆ ಈಗ 120ರ ಸುತ್ತ ಇದೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. ಲ್ಯಾಪ್‌ಟಾಪ್ ಒಂದೇ ಆದರೆ ತಿಂಗಳಿಗೆ 12, 13 ಯೂನಿಟ್, ಅಷ್ಟೇ. ಅದಕ್ಕೇ ಎಸಿ ಬೇಡ ಅಂತ ಗಟ್ಟಿ ಮಾಡಿದೆ.

ಮೊದಲ ತಪ್ಪು, ಕೂಲಿಂಗ್ ಪ್ಯಾಡ್. 1,400 ಕೊಟ್ಟು ಆರು ಫ್ಯಾನಿಂದು ತಗೊಂಡೆ. ಎರಡು ಡಿಗ್ರಿ ಇಳಿಯಿತು. ಹಿಂದಿನ ಕಾಲುಗಳ ಕೆಳಗೆ ಎರಡು ಬಾಟಲಿ ಮುಚ್ಚಳ ಇಟ್ಟೆ, ಅದೂ ಎರಡೇ ಡಿಗ್ರಿ. ಪ್ಯಾಡನ್ನು ತಮ್ಮನಿಗೆ ಕೊಟ್ಟೆ.

ಎರಡನೇ ತಪ್ಪು ದೊಡ್ಡದು. ಏರ್ ಕೂಲರಿನ ಮುಂದೆಯೇ ಟೇಬಲ್ ಹಾಕಿದೆ. ನಮ್ಮ ಏಪ್ರಿಲ್ ಒಣ ಬಿಸಿಲಿಗೆ ಕೂಲರ್ ಭಾರಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಸಿಪಿಯು 88ಕ್ಕೆ ಬಂತು. ಗೆದ್ದೆ ಅಂದುಕೊಂಡೆ. ಎಂಟನೇ ದಿನ ನೋಡಿದರೆ ಹಿಂದಿನ ಕಿಂಡಿಯ ಅಂಚಿಗೆ ಬಿಳಿ ಪುಡಿ. ಬೋರಿನ ಉಪ್ಪು ನೀರು ತುಂತುರಾಗಿ ಬಂದು ಒಣಗಿತ್ತು. ಕೂಲರ್ ಹುಲ್ಲಿನ ಮೇಲೆ ಕೂರುವ ಉಪ್ಪು ಮದರ್‌ಬೋರ್ಡ್ ಮೇಲೆ ಕೂತರೆ ಗತಿ ಏನು? ಅವತ್ತೇ ನಿಲ್ಲಿಸಿದೆ, ಬಿಚ್ಚಿದೆ, ಒಣ ಬ್ರಷ್‌ನಲ್ಲಿ ಉಜ್ಜಿದೆ. ಒಳಗೆ ಹೋಗಿರಲಿಲ್ಲ, ಪುಣ್ಯ. ಈಗ ಕೂಲರ್ ಕಿಟಕಿಯಲ್ಲಿ, ನಾನು ಅದರ ಅಡ್ಡಕ್ಕೆ ಏಳೆಂಟು ಅಡಿ ದೂರ, ಎದುರಿನ ಬಾಗಿಲು ಪೂರ್ತಿ ತೆರೆದು. ತಂಪು ಕೋಣೆಗೆ ಬೇಕು, ತುಂತುರು ಮಷೀನಿಗೆ ಬೇಡ.

ಮೂರನೇ ತಪ್ಪು ಸೆಟ್ಟಿಂಗ್‌ನದು. ಎಲ್ಲರೂ ಹೇಳುವಂತೆ ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ ಸಿಪಿಯುವನ್ನು 99 ಪರ್ಸೆಂಟ್‌ಗೆ ಇಟ್ಟೆ. ಬೂಸ್ಟ್, ಅಂದರೆ ಬೇಕಾದಾಗ ವೇಗ ಏರಿಸಿಕೊಳ್ಳುವುದು, ಪೂರ್ತಿ ಬಂದ್. ಶಾಖ 70ಕ್ಕೆ ಇಳಿಯಿತು, ಹೌದು. ಆದರೆ ಈ ಚಿಪ್ಪಿನ ಬೇಸ್ ವೇಗ ಬರೀ 2 ಗಿಗಾಹರ್ಟ್ಸ್. 4.4 ಓಡುವ ಎತ್ತನ್ನು 2ಕ್ಕೆ ಕಟ್ಟಿ ಹಾಕಿದಂತಾಯಿತು. ಕೌಂಟರ್ ಸ್ಟ್ರೈಕ್‌ನಲ್ಲಿ ಹೊಗೆ ಬಾಂಬ್ ಬಿದ್ದರೆ ಪರದೆ ನಿಂತೇ ಹೋಗುತ್ತಿತ್ತು. ಸಿಪಿಯು ಅಂಡರ್‌ವೋಲ್ಟ್ ಮಾಡೋಣ (ವೋಲ್ಟೇಜ್ ಇಳಿಸೋಣ) ಅಂದರೆ ನನ್ನ ಬಯಾಸ್‌ನಲ್ಲಿ ಅದು ಲಾಕ್.

ಕೊನೆಗೆ ಕೈ ಹಿಡಿದದ್ದು ಬಚ್ಚಿಟ್ಟಿರುವ ಇನ್ನೊಂದು ಆಪ್ಷನ್, ಮ್ಯಾಕ್ಸಿಮಮ್ ಪ್ರೊಸೆಸರ್ ಫ್ರೀಕ್ವೆನ್ಸಿ. ಪವರ್‌ಸಿಎಫ್‌ಜಿ ಕಮಾಂಡ್ ಕೊಟ್ಟು ಅದನ್ನು ಹೊರಗೆ ತರಬೇಕು. ಇಲ್ಲೊಂದು ಗುಂಡಿ ಇದೆ, ನಾನು ಅದರಲ್ಲಿ ಒಂದು ವಾರ ಬಿದ್ದಿದ್ದೆ. 12ನೇ ಜನರೇಷನ್‌ನಲ್ಲಿ ವೇಗದ ಪಿ ಕೋರ್, ಕರೆಂಟ್ ಉಳಿಸುವ ಇ ಕೋರ್ ಬೇರೆ ಬೇರೆ. ಸೆಟ್ಟಿಂಗೂ ಎರಡು ಇವೆ. ಮೊದಲು ಕಾಣುವುದು ಇ ಕೋರ್‌ಗಳದ್ದು. ಅದನ್ನು ಎಷ್ಟು ಇಳಿಸಿದರೂ ಶಾಖ ಅಲ್ಲಾಡಲಿಲ್ಲ. ಎಫಿಷಿಯನ್ಸಿ ಕ್ಲಾಸ್ 1 ಅಂತ ಬಾಲ ಇರುವುದೇ ಪಿ ಕೋರ್‌ಗಳದ್ದು. ಅದನ್ನು 3.2ರ ಹತ್ತಿರ ಇಟ್ಟೆ. ಅವತ್ತು ರಾತ್ರಿ ಮೊದಲ ಸಲ ಫ್ಯಾನ್ ಸದ್ದು ತಾನಾಗಿ ಇಳಿದದ್ದು ಕೇಳಿದೆ. ಆ ಖುಷಿ ಹೇಳಲಾರೆ.

ಜಿಪಿಯು ವೋಲ್ಟೇಜ್ ಇಳಿಸಲು ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್. ಅದರ ಕರ್ವ್ ಎಡಿಟರ್‌ನಲ್ಲಿ ಯಾವ ವೋಲ್ಟೇಜಿಗೆ ಎಷ್ಟು ವೇಗ ಅನ್ನುವ ಗೆರೆ ಇರುತ್ತದೆ, ಒಂದು ಪಾಯಿಂಟ್ ಎತ್ತಿ ಮುಂದಿನದ್ದೆಲ್ಲ ಸಪಾಟು ಮಾಡಬೇಕು. ನನ್ನ ಪಾಯಿಂಟ್ ಎಲ್ಲಿದೆ ಅಂತ ಬರೆಯುವುದಿಲ್ಲ. ಒಂದು ಚಿಪ್ಪಿನ ಅಂಕಿ ಇನ್ನೊಂದಕ್ಕೆ ಕೂಡುವುದಿಲ್ಲ, ಆಮೇಲೆ ಕ್ರ್ಯಾಶ್ ಆದರೆ ನನ್ನನ್ನು ಬಯ್ಯುತ್ತೀರಿ. ಇಷ್ಟು ಹೇಳುತ್ತೇನೆ: 90 ವ್ಯಾಟ್ ಚಿಲ್ಲರೆ ಕುಡಿಯುತ್ತಿದ್ದದ್ದು ಈಗ 65ರಲ್ಲಿ ಓಡುತ್ತದೆ, ಹೋದದ್ದು ಐದಾರು ಎಫ್‌ಪಿಎಸ್. ಮತ್ತೆ ಫ್ರೇಮ್ ಮಿತಿ. ಕಥೆ ಇರುವ ಆಟಗಳಿಗೆ 72ಕ್ಕೆ ಕಟ್ಟಿದ್ದೇನೆ. 144ರ ಸರಿ ಅರ್ಧ, ಅದಕ್ಕೇ ಕಣ್ಣಿಗೆ ನುಣುಪಾಗಿ ಕಾಣುತ್ತದೆ. 60ಕ್ಕಿಂತ ಇದು ಚಂದ.

ಇಷ್ಟಾದರೂ ಕೋಣೆ 38 ಇದ್ದರೆ ಸಿಪಿಯು 90ರ ಹತ್ತಿರವೇ ಇತ್ತು. ಆಗ ಹೊಳೆದದ್ದು ಮಾಳಿಗೆ. ಸುಣ್ಣ, ಅಂಟು, ಬ್ರಷ್ ಸೇರಿ 700 ರೂಪಾಯಿ. ಒಂದು ಭಾನುವಾರ ಸಿಂಧನೂರಿಗೆ ಹೋಗುವುದು ಬಿಟ್ಟು ಬೆಳಿಗ್ಗೆ ಆರಕ್ಕೇ ಮೇಲೆ ಹತ್ತಿ ಎರಡು ಕೋಟ್ ಬಳಿದೆ. ಲ್ಯಾಪ್‌ಟಾಪಿಗೆ ಅಂತ ಮಾಳಿಗೆಗೆ ಸುಣ್ಣ ಬಳಿಯುವವನನ್ನು ಓಣಿಯವರು ನೋಡಿರಲಿಲ್ಲ. ರಾತ್ರಿ ಕೋಣೆ 35ಕ್ಕೆ ಬಂತು, ಅಂದರೆ ಮೂರು ಡಿಗ್ರಿ. ಪ್ಯಾಡಿನ ಅರ್ಧ ದುಡ್ಡಿಗೆ ಅದಕ್ಕಿಂತ ಜಾಸ್ತಿ ಕೆಲಸ, ಮೇಲಾಗಿ ಮನೆ ಮಂದಿಗೆಲ್ಲ ತಂಪು. ಅವ್ವ ಈಗ ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಮೇ ಎರಡನೇ ವಾರ ಗೆಳೆಯ ಬೆಂಗಳೂರಿನಿಂದ ಮದುವೆಗೆ ಬಂದ. ಹೊರಗೆ ಅವತ್ತು 42. ರಾತ್ರಿ ಕೂಡಿಸಿ ಎರಡು ತಾಸು ಫೋರ್ಜಾ ಆಡಿಸಿದೆ. ಸಿಪಿಯು 83, 84. ಜಿಪಿಯು 75. 72 ಎಫ್‌ಪಿಎಸ್ ಅಲ್ಲಾಡಲಿಲ್ಲ. ಕೀ ಬೋರ್ಡ್ ಮೇಲೆ ಅಂಗೈ ಇಟ್ಟು ನೋಡಿದ. ತನ್ನ ಲ್ಯಾಪ್‌ಟಾಪಿಗೂ ಸೆಟ್ ಮಾಡಿಕೊಡು ಅಂದ. ಮಾಡಿಕೊಟ್ಟೆ.

ಕೆಲವು ಪ್ರಯೋಗ ದಾರಿ ತಪ್ಪಿದವು, ಅವನ್ನೂ ಹೇಳಿಬಿಡುತ್ತೇನೆ. ಟೇಬಲ್ ಮೇಲೆ ಶಹಾಬಾದ್ ಕಲ್ಲಿನ ತುಂಡು ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಬರಿಗಾಲಿಗೆ ತಣ್ಣಗಿರುತ್ತದಲ್ಲ ಅಂತ. ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಕಲ್ಲು ಕುಡಿದ ಶಾಖ ವಾಪಸ್ ಕೊಡತೊಡಗಿತು, ರೊಟ್ಟಿ ಹಂಚಿನ ಮೇಲೆ ಕೂತಂತೆ. ಮಾಳಿಗೆ ಮೇಲೆ ಮಲಗುವ ದಿನಗಳಲ್ಲಿ ಲ್ಯಾಪ್‌ಟಾಪನ್ನೂ ಮಂಚದ ಮೇಲೆ ಒಯ್ದೆ. ಗಾಳಿಗೆ ಐದು ಡಿಗ್ರಿ ಕಡಿಮೆ ಬಂತು, ಆದರೆ ಪರದೆ ಬೆಳಕಿಗೆ ಹುಳ ಮುತ್ತಿದವು, ಒಂದೆರಡು ಫ್ಯಾನಿಗೂ ಹೋದವು. ಅಲ್ಲಿಗೆ ಬಿಟ್ಟೆ.

ಕರೆಂಟಿನದು ಬೇರೆ ಕಥೆ. ಮೇ ಗಾಳಿಗೆ ಕಂಬ ಬಿದ್ದರೆ ಎರಡು ತಾಸು ಹೋಯಿತು ಅಂತಲೇ. ಬ್ಯಾಟರಿ ಮೇಲೆ ಆಡುವ ಮಾತೇ ಇಲ್ಲ. ಜಿಪಿಯುಗೆ ವ್ಯಾಟ್ ಸಿಗುವುದಿಲ್ಲ, ಮುಕ್ಕಾಲು ತಾಸಿಗೆ ಮುಗಿಯುತ್ತದೆ. ನಮ್ಮ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಿದರೆ ಅಡಾಪ್ಟರ್ ಗುಂಯ್ ಅಂತಿತ್ತು, ತೆಗೆದುಬಿಟ್ಟೆ. ಸೈನ್ ವೇವ್ ಇನ್ವರ್ಟರ್ ಬರುವವರೆಗೆ ಕರೆಂಟ್ ಹೋದಾಗ ಟ್ಯಾಲಿ ಮಾತ್ರ. ಸ್ಟೆಬಿಲೈಸರ್ ತಗೋ ಅಂತ 1,800ರದ್ದು ಒಂದು ತೋರಿಸಿದ್ದರು. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ, ವೋಲ್ಟೇಜ್ ಇಳಿದರೆ ಅದೇ ಸುಧಾರಿಸಿಕೊಳ್ಳುತ್ತದೆ. ಸ್ಪೈಕ್ ಗಾರ್ಡ್ ಒಂದು 450ಕ್ಕೆ ತಂದೆ, ಸಾಕು. ಚಾರ್ಜ್ ಮಿತಿ 80ಕ್ಕೆ ಇಟ್ಟಿದ್ದೇನೆ. ಗಂಜ್‌ನಲ್ಲಿ ಜೊತೆಗಾರನ ಲ್ಯಾಪ್‌ಟಾಪ್ ದಿನವಿಡೀ 100ರಲ್ಲೇ ಚುಚ್ಚಿಟ್ಟು ಎರಡು ಬೇಸಿಗೆಗೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆ ಎದ್ದಿತ್ತು.

512 ಜಿಬಿ ಸಾಲುವುದಿಲ್ಲ, ಇದನ್ನು ಮಾತ್ರ ಮೊದಲೇ ಯೋಚಿಸಬೇಕಿತ್ತು. ದೊಡ್ಡ ಆಟ ಒಂದೊಂದೂ 100 ಜಿಬಿ, 150 ಜಿಬಿ. ನಮ್ಮ 40 ಎಂಬಿಪಿಎಸ್ ಲೈನಿನಲ್ಲಿ 150 ಇಳಿಸಲು ಎಂಟು ತಾಸಿಗೂ ಮೇಲೆ ಬೇಕು. ರಾತ್ರಿ ಹಚ್ಚಿ ಮಲಗುತ್ತೇನೆ. ಅಳಿಸಿ ಮತ್ತೆ ಇಳಿಸುವುದು ಬೇಸರದ ಕೆಲಸ. ಕಂತು ಮುಗಿದ ಮೇಲೆ 1 ಟಿಬಿ ಹಾಕುತ್ತೇನೆ, ಎರಡನೇ ಸ್ಲಾಟ್ ಖಾಲಿ ಇದೆ.

ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಬದಲಿಸಿಲ್ಲ. ಗ್ಯಾರಂಟಿ ಇರುವವರೆಗೆ ಆ ಸ್ಕ್ರೂ ಮುಟ್ಟುವುದಿಲ್ಲ. ಈಗ ಮಳೆ ಶುರುವಾಗಿದೆ, ಕೋಣೆ 31ಕ್ಕೆ ಬಂದಿದೆ, ಪಿ ಕೋರ್ 3.6ಕ್ಕೆ ಏರಿಸಿದ್ದೇನೆ. ನವೆಂಬರಿನಲ್ಲಿ ಮಿಲ್ಲು ಮತ್ತೆ ಶುರುವಾಗುತ್ತದೆ. ಆ ಬಟ್ಟೆ ಅರ್ಧ ಮೀಟರ್ ತಂದು, ಕಿಂಡಿಯ ಅಳತೆಗೆ ಆರು ತುಂಡು ಕತ್ತರಿಸಿ ಇಟ್ಟಾಗಿದೆ.