ಬಿಸಿಯಾದ ಮೇಲೆ ಬಾಯಿಬಿಟ್ಟ ಲ್ಯಾಪ್‌ಟಾಪ್

ಅಕ್ಕನ ಮಗ ಇಂಜಿನಿಯರಿಂಗ್ ಸೇರಿದ ವಾರವೇ ಫೋನ್ ಮಾಡಿದ. "ಮಾಮ, ಲ್ಯಾಪ್‌ಟಾಪ್ ತಗೋಬೇಕು. ಕೋಡಿಂಗ್‌ಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕಂತೆ." ಮೊದಲ ಸೆಮಿಸ್ಟರ್ ಕೋಡಿಂಗ್‌ಗೆ ಎಂಥ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿಲ್ಲದವಳು ನಮ್ಮಕ್ಕ ಒಬ್ಬಳೇ. ನಾನೂ ಒಂದು ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಗೇಮ್ ಆಡಿ ಗಂಟೆ ಲೆಕ್ಕದಲ್ಲಿ ದುಡ್ಡು ಸುರಿದವನೇ, ಹಾಗಾಗಿ ಸುಮ್ನಿದ್ದೆ.

ಅಕ್ಕ ಕೊಟ್ಟಿದ್ದು 60 ಸಾವಿರ. ಹುಡುಗನ ಆಸೆ 6 ಜಿಬಿಯ ಆರ್‌ಟಿಎಕ್ಸ್ 3060. 2021ರಲ್ಲಿ ಲ್ಯಾಪ್‌ಟಾಪ್‌ಗಳಿಗೆ ಬಂದ, ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಅದು. ಆ ದುಡ್ಡಿಗೆ ಹೊಸದು ಸಿಗಲಿಲ್ಲ. ಉಳಿದಿದ್ದು ಬೆಂಗಳೂರಿನ ಎಸ್‌.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಅಲ್ಲಿ ಇದಕ್ಕೆ ರಿಫರ್ಬಿಶ್ಡ್ ಅಂತ ಹೆಸರು. ಕೆಲವರು ನಿಜಕ್ಕೂ ಬಿಚ್ಚಿ, ಧೂಳು ತೆಗೆದು, ಚಿಪ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿ ಕೊಡುತ್ತಾರೆ. ಕೆಲವರು ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ. ಎರಡಕ್ಕೂ ಹೆಸರು ಒಂದೇ.

ಶನಿವಾರ ರಾಜಾಜಿನಗರದಲ್ಲಿ ದೋಸೆ ತಿಂದು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ನನ್ನ ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ, ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಗೇಮ್ ಥರವೇ ಕಾರ್ಡನ್ನು ದುಡಿಸುವ ಹೆವನ್ ಬೆಂಚ್‌ಮಾರ್ಕ್. ಮೂರೂ ಪುಕ್ಕಟೆ. ಮೊದಲೇ ಹುಡುಗನಿಗೆ ಹೇಳಿಟ್ಟಿದ್ದೆ: ಅರ್ಧ ಗಂಟೆ ಗೇಮ್ ಓಡಿಸಲು ಬಿಡದ ಅಂಗಡಿಯಲ್ಲಿ ಬೆಲೆಯನ್ನೂ ಕೇಳುವುದು ಬೇಡ.

ಕಾರಣ ಇದೆ. ಅಂಗಡಿಯವರು ಲ್ಯಾಪ್‌ಟಾಪ್ ಆನ್ ಮಾಡಿ, "ನೋಡಿ ಸರ್, ಹತ್ತು ಸೆಕೆಂಡಲ್ಲಿ ಬೂಟ್" ಅನ್ನುತ್ತಾರೆ. ಒಂದು ವಿಡಿಯೊ ಹಾಕಿ ತೋರಿಸುತ್ತಾರೆ. ಆ ಹೊತ್ತಿನಲ್ಲಿ ನಾವು ದುಡ್ಡು ಕೊಡುತ್ತಿರುವ 3060 ಹಾಯಾಗಿ ನಿದ್ದೆ ಮಾಡುತ್ತಿರುತ್ತದೆ. ವಿಡಿಯೊ ತೋರಿಸುವುದಕ್ಕೆ ಪ್ರಾಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸೇ ಸಾಕು. ಫ್ಯಾನೂ ಸರಿಯಾಗಿ ತಿರುಗಿರುವುದಿಲ್ಲ. ತಣ್ಣಗಿರುವ ಗೇಮಿಂಗ್ ಲ್ಯಾಪ್‌ಟಾಪ್ ನೋಡಿ ಏನೂ ಹೇಳಲಾಗದು.

ಮೊದಲ ಅಂಗಡಿಯ ಲ್ಯಾಪ್‌ಟಾಪ್ ಫಳಫಳ ಹೊಳೆಯುತ್ತಿತ್ತು. ಗೀರಿಲ್ಲ. ಬೆಲೆ 54 ಸಾವಿರ. ಚಾರ್ಜರ್ ಹಾಕಿ ಹೆವನ್ ಓಡಿಸಿದೆ. (ಚಾರ್ಜರ್ ಇಲ್ಲದೆ ಓಡಿಸಬೇಡಿ. ಬ್ಯಾಟರಿ ಮೇಲೆ ಕಾರ್ಡ್ ಅರ್ಧ ಶಕ್ತಿಯನ್ನೂ ತೋರಿಸುವುದಿಲ್ಲ.) ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಹನ್ನೆರಡು ನಿಮಿಷಕ್ಕೆ ಕಾರ್ಡಿನ ಬಿಸಿ 87 ಡಿಗ್ರಿ. 1,600 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದದ್ದು 800ಕ್ಕೆ ಇಳಿಯಿತು. ಚಿತ್ರ ತಡೆತಡೆದು ಬರತೊಡಗಿತು. ಲ್ಯಾಪ್‌ಟಾಪ್ ತನ್ನನ್ನು ತಾನು ಸುಟ್ಟುಕೊಳ್ಳಬಾರದು ಅಂತ ವೇಗ ಇಳಿಸುತ್ತಿತ್ತು ಅಷ್ಟೆ. ಬಿಸಿ ಅನ್ನುವುದೇ ರೋಗವಲ್ಲ, ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ರಾಸೆಸರ್ 90 ದಾಟುವುದು ದಿನದ ಮಾತು. ಬಿಸಿ ಏರಿ ವೇಗ ಅರ್ಧಕ್ಕೆ ಬಿತ್ತು ಅಂದರೆ ಮಾತ್ರ ಅನುಮಾನ ಪಡಬೇಕು.

ಜೇಬಿನಲ್ಲಿ ಬೆಳಗಿನ ದರ್ಶಿನಿಯ ಬಿಲ್ ಇತ್ತು. ಉದ್ದಕ್ಕೆ ಹರಿದು ಒಂದು ಪಟ್ಟಿ ಮಾಡಿಕೊಂಡೆ. ಹಿಂಬದಿಯಲ್ಲಿ ಬಿಸಿಗಾಳಿ ಬರುವ ಎಡಗಡೆ ಕಿಂಡಿಗೆ ಹಿಡಿದೆ, ಪಟಪಟ ಹೊಡೆದುಕೊಂಡಿತು. ಬಲಗಡೆಗೆ ಹಿಡಿದೆ. ದೋಸೆ 70, ಕಾಫಿ 20 ಅನ್ನುವ ಅಕ್ಷರ ನೆಟ್ಟಗೆ ಓದುವಷ್ಟು ಅಲ್ಲಾಡದೆ ನಿಂತಿತ್ತು. ಎರಡರಲ್ಲಿ ಒಂದು ಫ್ಯಾನ್ ಸತ್ತಿದೆ.

"ಅಣ್ಣ, ಅದು ಸಣ್ಣ ಕೆಲಸ. ಈಗಲೇ ಫ್ಯಾನ್ ಹಾಕಿಸಿಕೊಡ್ತೀನಿ" ಅಂದ ಅಂಗಡಿಯ ಹುಡುಗ. ಫ್ಯಾನ್ ಹಾಕುವುದು ಸಣ್ಣ ಕೆಲಸವೇ, ಸುಳ್ಳಲ್ಲ. ಆದರೆ ಒಂದೇ ಫ್ಯಾನಿನಲ್ಲಿ ಅದು ಎಷ್ಟು ತಿಂಗಳು ಬೆಂದಿದೆ ಅಂತ ಯಾರು ಹೇಳುತ್ತಾರೆ? ಥ್ಯಾಂಕ್ಸ್ ಹೇಳಿ ಎದ್ದೆವು. ಅಕ್ಕನ ಮಗನ ಮುಖ ಸಪ್ಪಗಾಯಿತು. ಅದರ ಕೀಬೋರ್ಡ್‌ನಲ್ಲಿ ಬಣ್ಣಬಣ್ಣದ ದೀಪ ಇತ್ತು, ಪಾಪ.

ಮಧ್ಯೆ ಎರಡು ಅಂಗಡಿಯವರು ಅರ್ಧ ಗಂಟೆ ಅಂದ ಕೂಡಲೇ ನಕ್ಕರು. ನಾಲ್ಕನೆಯವನು ಸ್ಟೂಲ್ ಕೊಟ್ಟ.

ಇದು ರೈಜನ್ 7 ಪ್ರಾಸೆಸರ್, 16 ಜಿಬಿ ರ‍್ಯಾಮ್, ಅದೇ 3060. ಮೇಲೆ ಒಂದು ಗೀರು. ಮೊದಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಸಿಸ್ಟಮ್ ಇನ್ಫರ್ಮೇಷನ್ ಒತ್ತಿದೆ. ಕಾರ್ಡ್ ಗರಿಷ್ಠ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಅಲ್ಲಿರುತ್ತದೆ. 3060 ಅನ್ನುವ ಒಂದೇ ಹೆಸರಿನಲ್ಲಿ 60 ವ್ಯಾಟಿನದೂ ಇದೆ, 115 ವ್ಯಾಟಿನದೂ ಇದೆ, ಮೇಲೆ ಬೂಸ್ಟ್ ಅಂತ ಇನ್ನೊಂದಿಷ್ಟು ವ್ಯಾಟ್ ಬೇರೆ. ಆಟದಲ್ಲಿ ಎರಡಕ್ಕೂ ತುಂಬಾ ವ್ಯತ್ಯಾಸ. ಇದರಲ್ಲಿ 130 ಅಂತ ಇತ್ತು. ಒಳ್ಳೆಯದೇ.

ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಷ್, ಬ್ಯಾಟರಿರಿಪೋರ್ಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಅಂತ ವಿಂಡೋಸ್ ತಾನೇ ಒಂದು ರಿಪೋರ್ಟ್ ಬರೆದಿಡುತ್ತದೆ. ಹೊಸದರಲ್ಲಿ 80,000 ಮಿಲಿವ್ಯಾಟ್-ಅವರ್, ಈಗ 61,000. ನೂರಕ್ಕೆ 76. ಇಷ್ಟು ಹಳೆಯದಕ್ಕೆ ಸರಿ ಅನ್ನಿಸಿತು. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ ಉಬ್ಬಿದೆಯಾ ನೋಡಿದೆ. ಬ್ಯಾಟರಿ ಊದಿಕೊಂಡರೆ ಹೆಚ್ಚಾಗಿ ಮೊದಲು ಗೊತ್ತಾಗುವುದು ಅಲ್ಲೇ. ಫೈಲುಗಳು ಕೂರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿಯ ಹೆಲ್ತ್ ನೂರಕ್ಕೆ 91. ವಿಂಡೋಸ್‌ಗಿಂತ ಮೊದಲು ತೆರೆಯುವ ಬಯೋಸ್ ಸೆಟ್ಟಿಂಗ್ಸ್‌ನಲ್ಲಿರುವ ಸೀರಿಯಲ್ ನಂಬರ್ ಕೆಳಗಿನ ಸ್ಟಿಕ್ಕರ್‌ಗೆ ಹೊಂದಿತು.

ಹೆವನ್ ಶುರು ಮಾಡಿ ಕೂತೆವು. ಬಿಸಿ 79ರಲ್ಲಿ ನಿಂತಿತು, ವೇಗ ಇಳಿಯಲಿಲ್ಲ, ಬಿಲ್ ಪಟ್ಟಿ ಎರಡೂ ಕಡೆ ಹಾರಿತು. ಇನ್ನೇನು ಮುಗೀತು ಅನ್ನುವಾಗ ಅಕ್ಕನ ಮಗ, "ಮಾಮ, ಚಾರ್ಜ್‌ಗೆ ಹಾಕಿದ್ದೀವಿ ಅಲ್ವಾ? 100 ಇದ್ದದ್ದು 94 ಆಗಿದೆ" ಅಂದ. ಶಭಾಷ್ ಅನ್ನಿಸಿತು, ನಾನು ಗಮನಿಸಿರಲಿಲ್ಲ. ಚಾರ್ಜರ್ ತಿರುಗಿಸಿ ಓದಿದೆ: 20 ವೋಲ್ಟ್, 8.5 ಆಂಪಿಯರ್. ಗುಣಿಸಿದರೆ 170 ವ್ಯಾಟ್. ಕಾರ್ಡ್ ಒಂದೇ 130 ಕೇಳುತ್ತದೆ, ಮೇಲೆ ಪ್ರಾಸೆಸರ್, ಸ್ಕ್ರೀನ್. ಸಾಲದ್ದನ್ನು ಬ್ಯಾಟರಿಯಿಂದ ಎಳೆಯುತ್ತಿತ್ತು. ಹೀಗೇ ದಿನಾ ಆಡಿದರೆ ಬ್ಯಾಟರಿಯ ಕಥೆ ಮುಗಿದ ಹಾಗೆ.

"ಇದು ಈ ಮಾಡೆಲ್‌ದಲ್ಲ ಅಲ್ವಾ?" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಕೌಂಟರ್ ಕೆಳಗೆ ಬಗ್ಗಿ, ಇಟ್ಟಿಗೆಯಷ್ಟು ದಪ್ಪದ 230 ವ್ಯಾಟಿನ ಚಾರ್ಜರ್ ತೆಗೆದಿಟ್ಟ. ಅಲ್ಲೇ ಇತ್ತು! ಅದನ್ನು ಹಾಕಿ ಇನ್ನೂ ಹದಿನೈದು ನಿಮಿಷ ಓಡಿಸಿದೆವು. 100 ಅಲ್ಲಾಡಲಿಲ್ಲ.

61 ಸಾವಿರದಿಂದ 57,500ಕ್ಕೆ ಬಂತು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್, ಒಂದು ತಿಂಗಳ ವಾರಂಟಿ, ಎರಡನ್ನೂ ಪೆನ್ನಿನಲ್ಲಿ ಬರೆಸಿ ಸೀಲ್ ಹಾಕಿಸಿದೆ. ಬಾಯಿಮಾತಿನ ವಾರಂಟಿ ಮೆಟ್ರೋ ಸ್ಟೇಷನ್ ತನಕ ಕೂಡ ಬಾಳಿಕೆ ಬರಲ್ಲ.

ಮನೆಗೆ ಬಂದ ರಾತ್ರಿಯೇ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಮೊದಲು ಯಾವುದೋ ಕಂಪನಿ ತನ್ನ ನೌಕರರಿಗೆ ಕೊಟ್ಟು, ಅದರ ಲಾಕ್ ಉಳಿದಿದ್ದರೆ, ಇಂಟರ್ನೆಟ್ ಸಿಕ್ಕ ಮೇಲೆ ಸೆಟಪ್‌ನಲ್ಲಿ ಕಂಪನಿಯ ಹೆಸರು ಬರಬಹುದು. ಬರಲಿಲ್ಲ. ಮದರ್‌ಬೋರ್ಡ್‌ನಲ್ಲೇ ಇದ್ದ ಕೀಯಿಂದ ವಿಂಡೋಸ್ ಹೋಮ್ ತಾನಾಗಿ ಆಕ್ಟಿವೇಟ್ ಆಯಿತು.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪಿಸಿಕೊಂಡಿತ್ತು. ಐದನೇ ದಿನ ಹುಡುಗ ಮಂಚದ ಮೇಲೆ ಮಲಗಿ ಆಡುತ್ತಾ ಸ್ಕ್ರೀನ್ ಪೂರ್ತಿ ಹಿಂದಕ್ಕೆ ಬಗ್ಗಿಸಿದ್ದಾನೆ. ನೇರಳೆ ಗೆರೆಗಳು ಬಂದು ಮಿಣಮಿಣ ಅಂತಂತೆ. ಮುಂದಕ್ಕೆ ತಂದರೆ ಸರಿ. ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದರೂ ಸ್ಕ್ರೀನನ್ನು ಒಂದೇ ಕೋನದಲ್ಲಿ ಇಟ್ಟು ನೋಡಿದ್ದೆ ನಾನು, ಮಂಕು.

ಬಿಲ್ ಹಿಡಿದು ವಾಪಸ್ ಹೋದೆ. ಅವನು ತಕರಾರು ಮಾಡದೆ ಬಿಚ್ಚಿದ. ಸ್ಕ್ರೀನ್ ಮಡಚುವ ಹಿಂಜ್ ಹತ್ತಿರ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಒಂದು ಕಡೆ ಸವೆದು ಒಳಗಿನ ಬೆಳ್ಳಿಬಣ್ಣ ಕಾಣುತ್ತಿತ್ತು. ಪಾರ್ಟ್ ಬರಲು ನಾಲ್ಕು ದಿನ ಆಯಿತು. ಹೊಸ ಕೇಬಲ್ ಹಾಕಿ ಮುಚ್ಚಿ, ಚಾರ್ಜರ್ ಸಿಕ್ಕಿಸಿ, ನಾನು ಕೇಳುವ ಮೊದಲೇ ಸ್ಟೂಲ್ ಎಳೆದಿಟ್ಟ. "ಕೂತ್ಕೊಳ್ಳಿ ಸರ್. ನಿಮ್ಮದು ಅರ್ಧ ಗಂಟೆ ಅಲ್ವಾ?"